ಮಣ್ಣಿಗೆ ಏನಿತ್ತು?

ನಾನು ಬರೆದದ್ದು ಅಚ್ಚಾಗುವುದು ಎಂದಿಗೂ ಸಾಧ್ಯವಿಲ್ಲವೆಂದು ಮೊದಲು ಹೇಳಿದವರು ಜಕ್ಕಲಿಯ ನಮ್ಮ ಸೋದರಮಾವ ವೀರಪ್ಪ. ಎರಡನೆಯವರು ನನ್ನ ಮೇಲಧಿಕಾರಿ, ನಮ್ಮ ಸಾಹೇಬರು. ಮಾವನವರಿಗೆ ಓದಲು ಬರುತ್ತಿರಲಿಲ್ಲ, ಸಾಹೇಬರಿಗೆ ಓದಲು ಬಿಡುವಿರಲಿಲ್ಲ. ಒಂದಕ್ಷರವನ್ನೂ ನೋಡದ ಇಬ್ಬರಲ್ಲಿ ಇಂಥ ಒಮ್ಮತವನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. ಈಗ ನೆನೆದರೂ ಸ್ವಲ್ಪ ಉರಿಯುತ್ತದೆ.

ಉರಿಯುವುದಕ್ಕೆ ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಜಕ್ಕಲಿಯಿಂದ ನರೇಗಲ್ಲಿಗೆ ದಿನಾ ನಡೆದು ಶಾಲೆ ಕಲಿತವನು, ಉಚಿತ ಬೋರ್ಡಿಂಗಿನ ತಿಳಿಸಾರಿನಲ್ಲಿ ಬೇಳೆ ಹುಡುಕುತ್ತ ಬಿ.ಎಸ್ಸಿ. ಅಗ್ರಿ ಮುಗಿಸಿದವನು. ಆಗ ನಾವಿನ್ನೂ ಮುಂಬಯಿ ಸರಕಾರದ ಪ್ರಜೆಗಳು. ರೋಣದ ಹತ್ತಿರದ ಸರಕಾರಿ ಬೀಜದ ಹೊಲದಲ್ಲಿ ನನಗೆ ಸಹಾಯಕನ ಕೆಲಸ. ಕೆಲಸವೆಂದರೆ ಜೋಳದ ತೆನೆ ಎಣಿಸುವುದು. ಮೇಲಿನ ಓದಿಗೆ ಕಳಿಸಿರೆಂದು ಕೇಳಿದಾಗ ಸಾಹೇಬರು, ನಿನ್ನ ಹೆಸರಿನ ಒಂದು ಲೇಖನವನ್ನು ಯಾವುದಾದರೂ ವಿಜ್ಞಾನ ಪತ್ರಿಕೆ ಒಪ್ಪಿದರೆ ಶಿಫಾರಸು ಬರೆಯುತ್ತೇನೆ, ಇಲ್ಲವಾದರೆ ತೆನೆ ಎಣಿಸು ಎಂದರು. ಆಗದೆಂದು ಗೊತ್ತಿದ್ದೇ ಹೇಳಿದ್ದರು.

ಬರೆಯಲು ನನ್ನ ಬಳಿ ವಿಷಯವಿತ್ತು. ಹಿಂಗಾರಿ ಜೋಳ ಬಿತ್ತುವಾಗ ನಮ್ಮ ಕರಿಮಣ್ಣಿನ ಎರೆ ಹೊಲದಲ್ಲಿ ಎಷ್ಟು ತೇವ ಇರಬೇಕು ಎಂಬುದು. ಮಾವನವರು ಹೊಲದ ನಡುವೆ ಕೂತು, ಒಂದು ಮುಷ್ಟಿ ಮಣ್ಣು ಹಿಡಿದು ಒತ್ತಿ, ಕೆಳಗೆ ಬಿಟ್ಟು, ಅದು ಒಡೆಯುವ ರೀತಿ ನೋಡಿ ‘ಹದ ಐತಿ’ ಅಥವಾ ‘ಹದ ಇಲ್ಲ’ ಎನ್ನುತ್ತಿದ್ದರು. ಅದೇ ಮಣ್ಣನ್ನು ನಾನು ತೂಗಿ, ಒಣಗಿಸಿ, ಮತ್ತೆ ತೂಗುತ್ತಿದ್ದೆ. ಎರಡು ಹಂಗಾಮು ಹೀಗೆ ಮಾಡಿದೆವು. ನನ್ನ ಅಂಕಿಗಳು ಹೊಲದಿಂದ ಹೊಲಕ್ಕೆ ಕುಣಿದಾಡಿದವು. ಮಾವನವರು ಹದ ಎಂದಲ್ಲೆಲ್ಲ ಜೋಳ ಎದ್ದು ನಿಂತಿತು. ಇದನ್ನು ಬರೆಯುತ್ತೇನೆ ಎಂದಾಗ ಅವರು ಹೇಳಿದ್ದಿಷ್ಟು: “ಹದಾ ಬರಿಯಾಕ ಬರ್ತಿತ್ತಂದ್ರ ಊರ ಲೆಕ್ಕಾ ಬರಿಯೂ ಕುಲಕರ್ಣ್ಯಾರೇ ಒಕ್ಕಲತನ ಮಾಡ್ತಿದ್ರು.”

ಹದಕ್ಕೆ ಇಂಗ್ಲಿಷ್ ಸಿಗಲಿಲ್ಲ. ಸಾಹೇಬರು ಆಪ್ಟಿಮಮ್ ಮಾಯಿಶ್ಚರ್ ಎಂದು ಬರೆ ಎಂದರು. ಆದರೆ ಹದವೆಂದರೆ ಬರಿಯ ತೇವವೇ? ರೊಟ್ಟಿಯ ಹಿಟ್ಟಿಗೂ ಹದ ಬೇಕು, ಬೆಲ್ಲದ ಪಾಕಕ್ಕೂ ಬೇಕು. ನಮ್ಮ ಅವ್ವ ಪಾಕ ನೋಡುವಾಗ ಯಾವ ತಕ್ಕಡಿ ಹಿಡಿದಿದ್ದಳು? ಹಟ ಹಿಡಿದು ‘ಹದ’ ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮೊದಲ ಪುಟದಲ್ಲಿ ಒಂದು ಸಾಲಿನ ವಿವರಣೆ ಕೊಟ್ಟು, ಹಸ್ತಪ್ರತಿಯನ್ನು ಟೈಪು ಮಾಡಿಸಲು ನರಗುಂದಕ್ಕೆ ಹೋದೆ. ಅಲ್ಲಿ ವಕೀಲರೊಬ್ಬರ ಬಳಿ ಗೋವಿಂದಪ್ಪ ಎಂಬ ಕಾರಕೂನರಿದ್ದರು. ಆಯುಷ್ಯವೆಲ್ಲ ಅರ್ಜಿ, ಫಿರ್ಯಾದಿಗಳನ್ನೇ ಟೈಪು ಮಾಡಿದ ಕೈ. ಎರಡು ಸಾಲಿನ ನಡುವೆ ಒಂದು ಸಾಲಿನಷ್ಟು ಜಾಗ ಖಾಲಿ ಇರಬೇಕು, ಹಾಳೆಯ ಹಿಂಬದಿ ಮುಟ್ಟಬಾರದು ಎಂಬ ಪತ್ರಿಕೆಯ ನಿಯಮ ಕೇಳಿ, ಇದು ಓದಿದವರು ಮಾಡುವ ಕೆಲಸವೇ ಎಂದು ನನ್ನನ್ನೇ ಬೈದರು. ಮೂರನೆಯ ದಿನ ಮೂರು ಪ್ರತಿ ಕೈಗಿತ್ತರು. ಅಂದೇ ಅಂಚೆಗೆ ಹಾಕಿದೆ.

ತಿಂಗಳೆರಡಾದ ಮೇಲೆ ಸಂಪಾದಕರ ಪತ್ರ ಬಂತು. ಮಣ್ಣಿಗೆ ಏನೋ ಒಂದು ಇತ್ತೆಂದು ನೀವು ಹನ್ನೊಂದು ಕಡೆ ಹೇಳಿದ್ದೀರಿ. ಏನಿತ್ತೆಂದು ಒಂದು ಕಡೆಯೂ ಹೇಳಿಲ್ಲ. ದಯವಿಟ್ಟು ತಿಳಿಸಿ ಎಂದಿತ್ತು. ನನ್ನ ಬಳಿಯ ಪ್ರತಿ ತೆಗೆದು ನೋಡಿದೆ. ಕಾರಕೂನರು ಇಂಗ್ಲಿಷ್ ಅಕ್ಷರಗಳ ನನ್ನ ‘ಹದ’ವನ್ನು (hada) ಎರಡು ತುಂಡು ಮಾಡಿ ‘ಹ್ಯಾಡ್ ಎ’ (had a) ಎಂದು ತಿದ್ದಿದ್ದರು. ಹನ್ನೊಂದು ಕಡೆಯೂ ನನ್ನ ಮಣ್ಣು ‘ಹ್ಯಾಡ್ ಎ’ ಎಂದು ಬಾಯಿ ತೆರೆದು ನಿಂತುಬಿಟ್ಟಿತ್ತು. ವಿವರಣೆಯ ಸಾಲನ್ನಂತೂ, ಇನ್ನು ಅದಕ್ಕೆ ಅರ್ಥವಿಲ್ಲವೆಂದು, ಬಿಟ್ಟೇ ಬಿಟ್ಟಿದ್ದರು.

ಸಿಟ್ಟಿನಲ್ಲಿ ನರಗುಂದಕ್ಕೆ ಓಡಿದೆ. ಗೋವಿಂದಪ್ಪನವರು ಕನ್ನಡಕ ಸಹ ತೆಗೆಯಲಿಲ್ಲ. “ಅಲ್ರೀ, ಹದ ಅನ್ನೂ ಶಬ್ದ ಇಂಗ್ಲೀಷಿನ್ಯಾಗ ಐತೇನ್ರಿ? ಇದ್ದಿದ್ರ ಇಷ್ಟ ವರ್ಷದಾಗ ಕೋರ್ಟಿನ್ಯಾಗ ಒಮ್ಮೆರೆ ಬರ್ತಿತ್ತಿಲ್ಲೋ? ನಿಮ್ಮ ಮಾನ ಉಳಿಸೇನಿ. ಅಂಚಿಗಿ ಹಾಕೂ ಮುಂದ ನೀವರೆ ಓದಿದ್ರೇನು?” ಎಂದರು.

ಓದಿರಲಿಲ್ಲ. ನಿಮ್ಮೊಬ್ಬರೆದುರು ಒಪ್ಪಿಕೊಳ್ಳುತ್ತೇನೆ. ತಲೆಬರಹದ ಕೆಳಗೆ ನನ್ನ ಹೆಸರೂ ಅದರ ಮುಂದೆ ಬಿ.ಎಸ್ಸಿ. ಅಗ್ರಿಯೂ ಸರಿಯಾಗಿ ಬಿದ್ದಿವೆಯೇ ಎಂದು ಮೂರೂ ಪ್ರತಿಗಳಲ್ಲಿ ನೋಡಿದ್ದೆ. ಅಲ್ಲಿಂದ ಕೆಳಗೆ ಕಣ್ಣು ಇಳಿದಿರಲಿಲ್ಲ.

ತಿದ್ದಿಸಿ ಮತ್ತೆ ಕಳಿಸಿದೆ. ಈ ಸಲ ಬಂದ ಪತ್ರ ಇನ್ನೂ ಅವಮಾನಕರವಾಗಿತ್ತು. ಹದವನ್ನು ನಿರ್ಣಯಿಸಿದ ವೀರಪ್ಪ ಎಂಬವರ ವಿದ್ಯಾರ್ಹತೆ ಏನು? ಅವರು ಇದಕ್ಕೆ ಸಮರ್ಥರೆಂದು ಜವಾಬ್ದಾರ ವ್ಯಕ್ತಿಯೊಬ್ಬರ ಪ್ರಮಾಣಪತ್ರ ಬೇಕು. ಲೇಖಕರ ಸಹಿ ನಡೆಯದು. ಪದವೀಧರನಾದ ನನ್ನ ಸಹಿ ನಡೆಯದು! ಸಾಹೇಬರ ಬಳಿ ಹೋದರೆ, ಒಬ್ಬ ಒಕ್ಕಲಿಗನ ಮುಷ್ಟಿಗೆ ಸರಕಾರಿ ಅಧಿಕಾರಿ ಸಾಕ್ಷಿ ಹೇಳಲಾಗದು ಎಂದು ಕೈತೊಳೆದುಕೊಂಡರು. ಕೊನೆಗೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದ ಜಕ್ಕಲಿಯ ಗೌಡರ ಮುಂದೆ ಹೋಗಿ ನಿಂತೆ. ಅವರು ಒಂದು ಗಳಿಗೆಯೂ ಯೋಚಿಸದೆ ಎರಡು ಪ್ರತಿ ಬರೆದು ಸಹಿ ಹಾಕಿ ಮೊಹರು ಒತ್ತಿದರು: ‘ಸದರಿ ವೀರಪ್ಪ ಇವರು ಹದ ಬಲ್ಲವರು. ಇವರು ಕೂರಿಗೆ ಹೂಡಿದ ಮೇಲೆಯೇ ಊರು ಬಿತ್ತುತ್ತದೆ.’ ನಾನು ಇಂಗ್ಲಿಷಿಗೆ ಇಳಿಸಿ, ಮೂಲದ ಜೊತೆ ಲಗತ್ತಿಸಿ ಕಳಿಸಿದೆ. ಪತ್ರಿಕೆ ಒಪ್ಪಿತು. ನನ್ನ ಎರಡು ವರ್ಷದ ತಕ್ಕಡಿ ಮಾಡದ ಕೆಲಸವನ್ನು ಆ ಎರಡು ಸಾಲು ಮಾಡಿದವು. ಸಾಹೇಬರು ಶಿಫಾರಸು ಬರೆದರು, ಮುಖ ಹುಳ್ಳಗೆ ಮಾಡಿಕೊಂಡೇ.

ಹಿಂಗಾರಿ ಬಿತ್ತಿಗೆಗೆ ಸರಿಯಾಗಿ ಪ್ರಮಾಣಪತ್ರದ ಇನ್ನೊಂದು ಪ್ರತಿ ಹಿಡಿದು ಜಕ್ಕಲಿಗೆ ಹೋದೆ. ಮಾವನವರು ಕೂರಿಗೆಯ ಹಗ್ಗ ಬಿಗಿಯುತ್ತಿದ್ದರು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ನಾನು ಓದಿ ಹೇಳಿದೆ. ಮೊಹರಿನ ಮೇಲೆ ಬೆರಳಾಡಿಸಿ, ಇದರಲ್ಲಿ ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ಇಲ್ಲ, ಇದು ನಿಮ್ಮೊಬ್ಬರದೇ ಎಂದೆ. ಅವರು ಕಾಗದವನ್ನು ಮಡಚಿ ರುಮಾಲಿನ ಸುತ್ತಿನೊಳಗೆ ಸಿಕ್ಕಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ನನಗ ತಿಳಿತೈತಿ ಅಂತ ಗೌಡ ಬರಕೊಟ್ಟ. ನಿನಗ ತಿಳಿತೈತಿ ಅಂತ ಯಾರ ಬರಕೊಡ್ತಾರೋ, ಅಳಿಯಾ? ನಾಳಿ ಮುಂಜಾನಿ ಹೊಲಕ್ಕ ಬಾ. ಮಣ್ಣ ಹಿಡದ ತೋರಸು. ಬರೋಬರಿ ಹೇಳಿದೆಂದ್ರ, ನಾನ ಹೆಬ್ಬಟ್ಟ ಒತ್ತಿ ಕೊಡ್ತೇನಿ.”