ಪದ್ಮಕ್ಕನ ಪಲ್ಯ ಕೆಡಲೊಲ್ಲದು

ಮಾಡಿಟ್ಟ ಅಡುಗೆ ಕೆಟ್ಟಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ನಮ್ಮ ಓಣಿಗೆಲ್ಲ ನಾನೇ ಸುಪ್ರೀಂ ಕೋರ್ಟು. ಪಾತ್ರೆಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಒಯ್ದರೆ ಸಾಕು, ತೀರ್ಪು ಸಿದ್ಧ. ‘ಕುದಿಸಿ ತಿನ್ನು’, ‘ತಿಪ್ಪೆಗೆ ಚೆಲ್ಲು’, ‘ಮಕ್ಕಳಿಗೆ ಬೇಡ, ಗಂಡನಿಗೆ ನಡೆಯುತ್ತದೆ’ ಎಂದು ಮೂರು ತರಹದ ತೀರ್ಪು ಕೊಡುತ್ತಿದ್ದೆ. ಮೇಲ್ಮನವಿಗೆ ಅವಕಾಶವಿರಲಿಲ್ಲ. ತೊಂಬತ್ತರ ಆಸುಪಾಸಿನ ಮಾತಿದು. ಆಗ ಕಬ್ಬೂರಿನ ನಮ್ಮ ಓಣಿಯಲ್ಲಿ ಫ್ರಿಜ್ ಎಂಬುದು ಯಾರ ಮನೆಯಲ್ಲೂ ಇರಲಿಲ್ಲ. ರಾತ್ರಿ ಉಳಿದದ್ದು ನೆಲುವಿಗೆ ಏರುತ್ತಿತ್ತು, ಬೆಳಿಗ್ಗೆ ಇಳಿದು ನನ್ನ ಮೂಗಿನ ಮುಂದೆ ಬರುತ್ತಿತ್ತು.

ಇಂಥ ನನ್ನ ಬಾಳಿನಲ್ಲಿ ಒಂದೇ ಒಂದು ಮುಳ್ಳು. ಅದು ಪದ್ಮಕ್ಕನ ಸ್ಟೀಲ್ ಡಬ್ಬಿ.

ಪದ್ಮಕ್ಕನ ಮನೆ ನಮ್ಮ ಗೋಡೆಗೆ ಹತ್ತಿಕೊಂಡೇ ಇದೆ. ಅವರು ಜೈನರು, ಕಬ್ಬು ಬೆಳೆಯುವ ಹಳೆಯ ಮನೆತನ. ಅವರಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಇಂದು ಮಾಡಿದ ಪಲ್ಯ ನಾಳೆಗೆ ಇಡುವಂತಿಲ್ಲ. ಹಾಗಾಗಿ ಅವರ ಮನೆಯಲ್ಲಿ ಉಳಿದ ಪಲ್ಯ ದಿನಾ ಸಂಜೆ ಡಬ್ಬಿಯಲ್ಲಿ ಕುಳಿತು ನಮ್ಮ ಮನೆಗೆ ಬರುತ್ತಿತ್ತು. ಧರ್ಮ ಅವರದು, ಸಂಕಟ ನನ್ನದು.

ನಮ್ಮವರಿಗೆ ಬಸ್ ಸ್ಟ್ಯಾಂಡಿನ ಬಳಿ ಸೈಕಲ್ ದುಕಾನು. ದೀಪ ಹಚ್ಚಿದ ಮೇಲೆ ಮನೆಗೆ ಬಂದು ಕೈಕಾಲು ತೊಳೆದು ಕೂತರೆ ಮೊದಲ ಮಾತು, ಪದ್ಮಕ್ಕಾರ ಡಬ್ಬಿ ಬಂತೇನ? ಹೆಂಡತಿ ಇದ್ದಾಳೋ ಸತ್ತಾಳೋ, ಆ ಪ್ರಶ್ನೆ ಆಮೇಲೆ. ನನ್ನ ಪಲ್ಯವನ್ನು ಯಾರದೋ ಮನೆಯ ಬಾಡಿಗೆ ಕಟ್ಟುವವರಂತೆ ಮುಖ ಗಂಟಿಕ್ಕಿ ತಿಂದು ಮುಗಿಸುತ್ತಿದ್ದರು. ಡಬ್ಬಿ ತೆರೆದ ಕೂಡಲೇ ಮುಖ ಅರಳುತ್ತಿತ್ತು.

“ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ. ಆದ್ರೂ ಎಷ್ಟ ರುಚಿ ಮಾಡ್ತಾರ ನೋಡ ಶೋಭಾ. ಕೈಗುಣ ಅಂದ್ರ ಇದು.”

ನಾನು ಕಣ್ಣೀರು ಸುರಿಸಿಕೊಂಡು ಹೆಚ್ಚಿದ ಉಳ್ಳಾಗಡ್ಡಿಯ ಗತಿ ಏನು? ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದೇನೂ ಇಲ್ಲ, ಹೊಟ್ಟೆಕಿಚ್ಚೇ. ಪದ್ಮಕ್ಕ ನಮ್ಮತ್ತೆಯ ಓರಗೆಯವಳು. ಹರೆಯದ ಹೆಂಗಸಾಗಿದ್ದರೆ ಬಾಗಿಲಲ್ಲಿ ನಿಂತು ಜಗಳ ತೆಗೆದು ಗೆಲ್ಲಬಹುದಿತ್ತು. ಚವಳಿಕಾಯಿ ಪಲ್ಯದ ಜೊತೆ ಯಾರಾದರೂ ಹೇಗೆ ಜಗಳಾಡಬೇಕು?

ಹೀಗಿರುವಾಗ ಪದ್ಮಕ್ಕನ ಮನೆಗೆ ಫ್ರಿಜ್ ಬಂತು. ನಿಪ್ಪಾಣಿಯಿಂದ ಟೆಂಪೋದಲ್ಲಿ ಬಂದು ಇಳಿದಾಗ ಓಣಿಯೆಲ್ಲ ನೆರೆಯಿತು. ಪದ್ಮಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಎಲ್ಲರಿಗೂ ಪೇಢೆ ಹಂಚಿದಳು. ಉಳಿದ ಹೆಂಗಸರ ಮುಖ ಸಣ್ಣದಾಯಿತು. ನಾನು ಮಾತ್ರ ಹಿಗ್ಗಿ ಹೀರೇಕಾಯಿಯಾದೆ. ಇನ್ನು ಉಳಿದ ಪಲ್ಯವೆಲ್ಲ ಆ ಪೆಟ್ಟಿಗೆಯೊಳಗೆ ಹೋಗುತ್ತದೆ, ನಮ್ಮ ಮನೆಗೆ ಡಬ್ಬಿ ಬರುವುದು ನಿಂತಿತು!

ಆ ಸಂಜೆಯೂ ಡಬ್ಬಿ ಬಂತು. ಜೊತೆಗೆ, ನಮ್ಮವರು ಬಿಸಿಲಲ್ಲಿ ದುಡಿದು ಬರುತ್ತಾರೆಂದು ಒಂದು ಬಾಟಲಿ ತಣ್ಣೀರೂ ಬಂತು. ಫ್ರಿಜ್ ಇದೆಯಲ್ಲ, ಪಲ್ಯ ಅದರಲ್ಲೇ ಇಡಬಾರದೇ ಎಂದು ಕೇಳಿಯೇ ಬಿಟ್ಟೆ. ತಂಪಿನಲ್ಲಿ ಇಟ್ಟರೂ ನಿನ್ನಿನದು ನಿನ್ನಿನದೇ ಅಲ್ಲವೇನು ಎಂದು ಪದ್ಮಕ್ಕ ನಕ್ಕಳು. ಅಷ್ಟು ದೊಡ್ಡ ಫ್ರಿಜ್‌ನಲ್ಲಿ ನೀರು, ಹಾಲು, ಬಸದಿಗೆ ಒಯ್ಯುವ ಹೂವು ಬಿಟ್ಟರೆ ಬೇರೇನೂ ಇರಲಿಲ್ಲ.

ತಣ್ಣೀರು ಕುಡಿದು ನಮ್ಮವರು ತೇಗಿದ ಆ ತೇಗು ಕೇಳಿದ ಮೇಲೆ ನನ್ನ ತಲೆಯಲ್ಲಿ ಉಪಾಯ ಹೊಳೆಯಿತು. ಒಂದು ಸಂಜೆಯ ಡಬ್ಬಿ ಮುಚ್ಚಿಡುವುದು. ಬೇಸಿಗೆ, ಮರುದಿನಕ್ಕೆ ಪಲ್ಯ ಹಳಸಿರುತ್ತದೆ. ಅದನ್ನೇ ಇವತ್ತಿನದೆಂದು ನಮ್ಮವರ ಮುಂದಿಡುವುದು. ಅವರು ಒಂದು ತುತ್ತು ಬಾಯಿಗಿಟ್ಟು ಥೂ ಎಂದು ಉಗಿಯಬೇಕು. ಅಷ್ಟೇ ಸಾಕು, ನನಗೆ ಮತ್ತೇನೂ ಬೇಡ.

ಮರುದಿನ ಚವಳಿಕಾಯಿ ಪಲ್ಯ ಬಂತು. ಡಬ್ಬಿಯನ್ನು ಒಲೆಯ ಹಿಂದಿನ ಕಟ್ಟೆಯ ಮೇಲೆ, ಬೆಚ್ಚಗಿರಲೆಂದು ಇಟ್ಟೆ. ಪಕ್ಕದಲ್ಲಿ ನನ್ನ ಬದನೆಕಾಯಿ ಪಲ್ಯದ ಬಟ್ಟಲನ್ನೂ ಇಟ್ಟೆ. ನ್ಯಾಯಾಲಯ ಎಂದ ಮೇಲೆ ತುಲನೆ ಬೇಕಲ್ಲ? ನಮ್ಮವರು ಬಂದು ಡಬ್ಬಿ ಕೇಳಿದಾಗ, ಇವತ್ತು ಅವರಲ್ಲಿ ಏನೂ ಉಳಿದಿಲ್ಲವಂತೆ ಎಂದೆ. ಯಾರದೋ ಮಣ್ಣಿಗೆ ಹೋಗಿ ಬಂದವರ ಹಾಗೆ ಮುಖ ಮಾಡಿಕೊಂಡು ಉಂಡೆದ್ದರು.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ತಪಾಸಣೆ ನಡೆಸಿದೆ. ಒಂದು ಪಲ್ಯ ನೊರೆ ಬಂದು ಗುಳುಗುಳು ಎನ್ನುತ್ತಿತ್ತು. ನನ್ನದು! ಪದ್ಮಕ್ಕನ ಚವಳಿಕಾಯಿ ಆಗ ತಾನೇ ಒಲೆಯಿಂದ ಇಳಿದ ಹಾಗೆ ತೆಪ್ಪಗೆ ಕೂತಿತ್ತು. ಮೂಗು ಒಡ್ಡಿದೆ, ವಾಸನೆ ಇಲ್ಲ. ಕಣ್ಣಾಡಿಸಿದೆ, ನೊರೆ ಇಲ್ಲ. ಇವಳ ಪಲ್ಯಕ್ಕೆ ಕೆಡುವುದೂ ಬರುವುದಿಲ್ಲವೇ? ನನ್ನದನ್ನು ಯಾರೂ ಕಾಣದ ಹಾಗೆ ತಿಪ್ಪೆಗೆ ಚೆಲ್ಲಿ ಬಂದೆ.

ಮೂಗಿಗೆ ಸಿಗದಿದ್ದರೆ ನಾಲಿಗೆಗೆ ಸಿಕ್ಕೀತು ಎಂದು ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಚೆನ್ನಾಗಿತ್ತು. ನನಗೆ ಸಿಟ್ಟು ಬಂತು. ಚಹಾದ ಹೊತ್ತಿಗೆ ಮತ್ತೊಂದು ಹೋಳು. ಆಗಲೂ ಚೆನ್ನಾಗಿತ್ತು. ಬರೀ ಪಲ್ಯದ ರುಚಿ ಹೀಗೆ ತಿಳಿಯುವುದಿಲ್ಲ, ರೊಟ್ಟಿ ಬೇಕು ಎನಿಸಿತು. ಮಧ್ಯಾಹ್ನ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಒಂದು ರೊಟ್ಟಿಯಲ್ಲಿ ನಿರ್ಣಯಕ್ಕೆ ಬರಲಾಗಲಿಲ್ಲ, ಇನ್ನೊಂದು ತಗೊಂಡೆ. ಶೇಂಗಾ ಪುಡಿ ಎಷ್ಟು ಹಾಕಿದ್ದಾಳೆ, ಬೆಲ್ಲ ಹಾಕಿದ್ದಾಳೋ ಇಲ್ಲವೋ ಎಂಬ ಹೆಚ್ಚಿನ ವಿಚಾರಣೆಯೂ ಆಯಿತು. ಸಂಜೆಯ ಹೊತ್ತಿಗೆ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಆಗ ಕಡೆಗೂ ಒಂದು ಚೂರು ಹುಳಿ ನಾಲಿಗೆಗೆ ಹತ್ತಿತು. ನನಗೆ ಹಬ್ಬ ಬಂದಷ್ಟು ಖುಷಿಯಾಯಿತು.

ಅಷ್ಟರಲ್ಲಿ ಪದ್ಮಕ್ಕ ಅಂದಿನ ಡಬ್ಬಿಯನ್ನು ತಂದಳು. ಅದರಲ್ಲೂ ಚವಳಿಕಾಯಿಯೇ, ಅವರ ತೋಟದಲ್ಲಿ ಆಗ ಅದರದೇ ಸುಗ್ಗಿ. ಇದನ್ನೇನು ಮಾಡುವುದು? ಚೆಲ್ಲಿದರೆ ಪಾಪ. ಹೊಸದನ್ನು ನನ್ನ ಬೋಗುಣಿಗೆ ಸುರಿದು, ಇದು ನಾನು ಮಾಡಿದ್ದು ಎಂದೂ, ಹಳಸಿದ್ದನ್ನು ಅವಳ ಡಬ್ಬಿಯಲ್ಲೇ ಇಟ್ಟು, ಇದು ಪದ್ಮಕ್ಕನದು ಎಂದೂ ಬಡಿಸಿದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ನಮ್ಮವರು ಮೊದಲು ನನ್ನ ಬೋಗುಣಿಯದನ್ನು ಒಂದು ತುತ್ತು ರುಚಿ ನೋಡಿದರು. ಅದು ಪದ್ಮಕ್ಕನ ಕೈಯ ತಾಜಾ ಪಲ್ಯ ಎಂಬುದನ್ನು ಓದುಗರು ಮರೆಯಬಾರದು.

“ನಡೀತೈತಿ,” ಎಂದರು. “ಸ್ವಲ್ಪ ಸಪ್ಪಗ ಆಗೈತಿ. ನಿನ್ನ ಕೈಯಾಗ ಚವಳಿಕಾಯಿ ಕೂಡಂಗಿಲ್ಲ ಬಿಡ.”

ಆಮೇಲೆ ಡಬ್ಬಿಗೆ ಕೈ ಹಾಕಿದರು. ಒಂದು ತುತ್ತು ಇಳಿಯಿತು. ಎರಡನೆಯದೂ ಇಳಿಯಿತು. ಕಣ್ಣು ಮುಚ್ಚಿ ಮೂರನೆಯದನ್ನು ನಿಧಾನ ಅಗಿದರು.

“ಇವತ್ತ ಹುಣಸಿಹಣ್ಣ ಹಾಕ್ಯಾರ ನೋಡ. ಏನ ರುಚಿ ಬಂದೈತಿ! ನಾಳೆ ಹೋಗಿ ಕೇಳಿ ಕಲತ ಬಾ.”

ಡಬ್ಬಿಯನ್ನು ಬೆರಳಿನಿಂದ ಬಳಿದು ನೆಕ್ಕಿದರು. ಬೋಗುಣಿಯಲ್ಲಿ ಉಳಿದದ್ದನ್ನು ನಾನು ಉಂಡೆದ್ದೆ.

ನಸುಕಿನಲ್ಲಿ ಹೊಟ್ಟೆ ಗುಡುಗಿತು. ಅವರದಲ್ಲ, ನನ್ನದು. ಅವರು ಬಸ್ ಸ್ಟ್ಯಾಂಡಿನ ಎಲ್ಲ ಗಾಡಿಗಳ ಭಜಿ ತಿಂದು ಬೆಳೆದವರು, ಕಲ್ಲು ತಿಂದು ಕರಗಿಸುವ ಹೊಟ್ಟೆ. ನಾನು ಹಿತ್ತಲಿಗೂ ಮನೆಗೂ ನಡೆದು ನಡೆದು ಕಡೆಗೆ ಹೊಸ್ತಿಲಲ್ಲೇ ಕುಸಿದೆ. ನಮ್ಮವರು ಗಾಬರಿಬಿದ್ದು, ದುರಸ್ತಿಗೆ ಬಂದಿದ್ದ ಯಾರದೋ ಸೈಕಲ್ ತುಳಿದು ಡಾಕ್ಟರನ್ನು ಕರೆತಂದರು. ನಿನ್ನೆ ಏನು ತಿಂದಿದ್ದೆ ಎಂದು ಡಾಕ್ಟರು ನನ್ನನ್ನು ಕೇಳಿದರು. ಉತ್ತರ ನಮ್ಮವರಿಂದ ಬಂತು.

“ಎರಡ ಪಲ್ಯ ಇದ್ದೂರಿ. ಪದ್ಮಕ್ಕಾರದು ನಾ ತಿಂದ್ನಿ, ನನಗೇನೂ ಆಗಿಲ್ಲ. ತಾ ಮಾಡಿದ್ದ ತಾ ತಿಂದಾಳ್ರಿ.”

ಡಾಕ್ಟರು ತಲೆಯಾಡಿಸಿದರು. ಪದ್ಮಕ್ಕನ ಮನೆಯಲ್ಲಿ ನಿನ್ನಿನದು ಇರುವುದೇ ಇಲ್ಲ ಎಂಬುದು ಕಬ್ಬೂರಿಗೆಲ್ಲ ಗೊತ್ತು. ಅಂದ ಮೇಲೆ ತಪ್ಪು ನನ್ನ ಅಡುಗೆಯದೇ. ಬೇಸಿಗೆಯಲ್ಲಿ ಮಾಡಿದ ಅಡುಗೆಯನ್ನು ಒಂದೆರಡು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು, ಬೆಚ್ಚಗಿನ ಜಾಗದಲ್ಲಂತೂ ಇಡಲೇಬಾರದು ಎಂದರು. ನಾನು ಕ್ಷೀಣ ದನಿಯಲ್ಲಿ, ಮೂಸಿ ನೋಡಿದ್ದೆನಲ್ಲ ಎಂದೆ.

“ಕೆಟ್ಟದ್ದೆಲ್ಲಾ ಮೂಗಿಗೆ ಹೇಳಿ ಬರಂಗಿಲ್ಲವಾ,” ಎಂದರು ಡಾಕ್ಟರು, ಸೂಜಿ ಚುಚ್ಚುತ್ತ.

ಸುಪ್ರೀಂ ಕೋರ್ಟು ಆ ಕ್ಷಣದಲ್ಲೇ ಮುಚ್ಚಿತು. ಮಧ್ಯಾಹ್ನದೊಳಗೆ ಶೋಭಾ ತನ್ನ ಪಲ್ಯ ತಾನೇ ತಿಂದು ಮಲಗಿದಳು ಎಂಬ ಸುದ್ದಿ ಓಣಿ ದಾಟಿ ಹೋಗಿತ್ತು. ನೋಡಲು ಬಂದ ಹೆಂಗಸರು ಮರುಕದಿಂದ ನನ್ನ ಒಲೆಯ ಕಡೆ ಕಣ್ಣು ಹಾಯಿಸಿ ಹೋದರು. ಹಿಂದಿನ ರಾತ್ರಿ ನನ್ನದೆಂದು ಇಟ್ಟ ಪಲ್ಯವೂ ಪದ್ಮಕ್ಕನದೇ ಎಂದು ಕೂಗಿ ಹೇಳಬೇಕೆನಿಸಿತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಲ್ಲ! ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡಿದೆ.

ಕೊನೆಗೆ ಬಂದದ್ದು ಪದ್ಮಕ್ಕ. ಬಂದವಳೇ ನನ್ನ ಕಾಲ ಬಳಿ ಕೂತು ಪಾದ ಒತ್ತತೊಡಗಿದಳು. ಅವಳ ಮುಖ ಬಾಡಿತ್ತು. ಡಾಕ್ಟರು ಏನೇ ಹೇಳಲಿ, ತನ್ನ ಡಬ್ಬಿಯೂ ಈ ಮನೆಗೆ ಬಂದಿತ್ತಲ್ಲ ಎಂದಳು. ನಿನ್ನೆ ಅವಸರದಲ್ಲಿ ನೀರು ಸೋಸಲು ಮರೆತಿದ್ದಳೋ ಏನೋ, ಅವಳಿಗೇ ನೆನಪಾಗುತ್ತಿಲ್ಲವಂತೆ.

“ನನ್ನ ಕೈಯಿಂದ ಒಂದ ಜೀವಕ್ಕ ತ್ರಾಸ ಆತಂದ್ರ ಹೆಂಗ ಉಣ್ಣಲಿ? ನನ್ನ ಪಲ್ಯದಿಂದ ಆಗಿಲ್ಲ ಅಂತ ಖಾತ್ರಿ ಆಗುತನಕ ಬಾಯಾಗ ನೀರೂ ಹಾಕಂಗಿಲ್ಲ.”

ಮುಂಜಾನೆಯಿಂದ ಅವಳು ಏನೂ ತಿಂದಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಕಿಟಕಿಯ ಬಿಸಿಲು ಗೋಡೆಯ ಮೇಲೆ ಹತ್ತತೊಡಗಿತ್ತು. ಹೊತ್ತು ಮುಳುಗಿತೆಂದರೆ ಅವಳು ಮತ್ತೆ ಬಾಯಿ ತೆರೆಯುವುದು ಮರುದಿನ ಸೂರ್ಯ ಹುಟ್ಟಿದ ಮೇಲೆಯೇ.

ಹೇಳಬೇಕು ಎಂದುಕೊಂಡೆ. ಬಾಯಿ ಬರಲಿಲ್ಲ. ಅಷ್ಟರಲ್ಲಿ ನಮ್ಮವರು, ಪಾಪ ಪದ್ಮಕ್ಕಾರು ಎಷ್ಟು ದೊಡ್ಡ ಮನಸ್ಸಿನವರು ಎಂದರು. ಹೇಳಬಾರದು ಎಂದುಕೊಂಡೆ! ಬಿಸಿಲು ಇನ್ನೊಂದು ಗೇಣು ಮೇಲೇರಿತು. ಪದ್ಮಕ್ಕ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡು ಮಂಚದ ಕಾಲು ಹಿಡಿದಳು. ಈ ಮುದುಕಿಗೆ ಏನಾದರೂ ಆದರೆ ನಾನು ಎಲ್ಲಿ ಮುಖ ತೋರಿಸಲಿ?

“ನಾ ತಿಂದಿದ್ದ ನಿಮ್ಮ ನಿನ್ನಿ ಪಲ್ಯ ಅಲ್ಲ ಪದ್ಮಕ್ಕಾ,” ಎಂದೆ. “ಮೊನ್ನಿದು. ನಾನ ಮುಚ್ಚಿ ಇಟ್ಟಿದ್ದೆ.”

ಪದ್ಮಕ್ಕನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಹೆಂಗಸರು ಒಳಗೆ ಕತ್ತು ಚಾಚಿದರು. ಯಾಕೆ ಮುಚ್ಚಿಟ್ಟೆ ಎಂದು ಪದ್ಮಕ್ಕ ಕೇಳಿದಳು. ಯಾಕೆಂದು ಹೇಳಲಿ? ನಿಮ್ಮ ಹೆಸರು ಕೆಡಿಸಲು ಎನ್ನಲೇ? ಬಾಯಿಗೆ ಬಂದ ಮೊದಲ ಸುಳ್ಳನ್ನು ಹೇಳಿದೆ.

“ಭಾಳ ರುಚಿ ಇತ್ತ ಅಕ್ಕಾ. ಯಾರಿಗೂ ಕೊಡದ ಒಬ್ಬಾಕೀನ ತಿನ್ನಬೇಕಂತ ಇಟ್ಟಿದ್ದೆ.”

ಇದಕ್ಕಿಂತ ಆ ಡಬ್ಬಿಯನ್ನೇ ನುಂಗಿ ಸಾಯಬಹುದಿತ್ತು. ಪದ್ಮಕ್ಕನ ಕಣ್ಣಲ್ಲಿ ನೀರು ಬಂತು. ಹುಚ್ಚಿ, ಕೇಳಿದ್ದರೆ ಇನ್ನಷ್ಟು ಕೊಡುತ್ತಿರಲಿಲ್ಲವೇ ಎಂದು ನನ್ನ ತಲೆ ಸವರಿದಳು. ಬಾಗಿಲಲ್ಲಿದ್ದವರು ಅವಳನ್ನು ಎಬ್ಬಿಸಿ, ಹೊತ್ತು ಮುಳುಗುವ ಮೊದಲು ಎರಡು ತುತ್ತು ಉಣ್ಣಿಸಲು ಕರೆದೊಯ್ದರು.

ನಮ್ಮವರು ಮಾತ್ರ ನಿಂತಲ್ಲೇ ಲೆಕ್ಕ ಹಾಕುತ್ತಿದ್ದರು.

“ಹಂಗಾರ ರಾತ್ರಿ ನಾ ಡಬ್ಬ್ಯಾಗಿಂದ ತಿಂದದ್ದು?”

“ಅದೂ ಮೊನ್ನಿದರಿ.”

ಅವರ ಕೈ ನಿಧಾನವಾಗಿ ಹೊಟ್ಟೆಯ ಮೇಲೆ ಹೋಯಿತು. ಇಡೀ ದಿನ ಗುಂಡುಕಲ್ಲಿನಂತಿದ್ದ ಮನುಷ್ಯ ಅಯ್ಯೋ ಎನ್ನುತ್ತ ಇನ್ನೊಂದು ಮಂಚದ ಮೇಲೆ ಉರುಳಿದರು. ಡಾಕ್ಟರು ಎರಡನೆಯ ಸಲ ಬರಬೇಕಾಯಿತು. ಏನೂ ಆಗಿಲ್ಲವೆಂದು ಅವರು ಎಷ್ಟು ಹೇಳಿದರೂ ನಮ್ಮವರು ಏಳಲಿಲ್ಲ. ನಾವಿಬ್ಬರೂ ಮೈ ಸುಧಾರಿಸುವವರೆಗೆ ಪದ್ಮಕ್ಕನ ಮನೆಯ ಗಂಜಿಯನ್ನೇ ಕುಡಿದೆವು. ಗಂಜಿಯಲ್ಲೂ ಕೈಗುಣ ಐತಿ ಎಂದು ಪಕ್ಕದ ಮಂಚದಿಂದ ದನಿ ಬರುತ್ತಲೇ ಇತ್ತು.

ನಾನು ಎದ್ದು ಓಡಾಡತೊಡಗಿದ ಮೇಲೆ ಸಂಜೆ ಒಂದರ ಬದಲು ಎರಡು ಡಬ್ಬಿ ಬರತೊಡಗಿದವು. ಒಂದು ಅವರಿಗೆ, ಒಂದು ನನಗೆ. ಇನ್ನು ಮುಚ್ಚಿಡಬೇಡ, ಈಗಲೇ ತಿಂದುಬಿಡು ಎಂದು ಪದ್ಮಕ್ಕ ಎದುರಿಗೇ ನಿಂತು ತಿನ್ನಿಸಿ ಹೋದಳು. ಒಲೆಯ ಮುಂದೆ ಕೂತು ನನ್ನ ಡಬ್ಬಿ ಖಾಲಿ ಮಾಡಿದೆ. ರುಚಿಯಾಗಿತ್ತು, ಸುಡುಗಾಡು! ಆಮೇಲೆ ಸುಮ್ಮನೆ ನೋಡೋಣವೆಂದು ನಮ್ಮವರ ಡಬ್ಬಿಯ ಮುಚ್ಚಳ ತೆಗೆದೆ. ಅವರದರಲ್ಲಿ ಹೆಚ್ಚಿತ್ತು. ಕಂಠಮಟ್ಟ ತುಂಬಿತ್ತು! ನನಗೆ ಅಷ್ಟು, ಅವರಿಗೆ ಇಷ್ಟು? ಹೊಟ್ಟೆಯಲ್ಲಿ ಮತ್ತೆ ಕಿಚ್ಚು ಎದ್ದಿತು.

ರಾತ್ರಿ ನಮ್ಮವರು ಡಬ್ಬಿ ತೆರೆದು, ಒಳಗೆ ಇಣುಕಿ, ನನ್ನ ಕಡೆ ನೋಡಿದರು.

“ಇವತ್ತ ಭಾಳ ಕಡಿಮಿ ಐತೆಲ್ಲ ಶೋಭಾ?”

“ಬ್ಯಾಸಗಿ ಐತೆಲ್ಲರಿ, ಒಣಗಿರಬೇಕ,” ಎಂದೆ, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ.