ಅನ್ಬರ್ ಒಪಾಳ ಬಟ್ಟಲು

ಬಟ್ಟಲು ಬಂದದ್ದು ಬೆಳಗ್ಗೆ ಒಂಬತ್ತಕ್ಕೆ. ಒಂಬತ್ತರವರೆಗೆ ಹೊಲ್ಮತನ ಸಂಸಾರಕ್ಕೆ ಯಾವ ತೊಂದರೆಯೂ ಇರಲಿಲ್ಲ.

ಮಾರ್ಗಿಲಾನ್ ಊರಿನ ರೇಷ್ಮೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿ ನಿವೃತ್ತನಾದ ಹೊಲ್ಮತನನ್ನು ಬೀದಿಯವರು ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎನ್ನುತ್ತಿದ್ದರು. ಅದು ಅನ್ಯಾಯದ ಮಾತು. ಅವನು ಜಿಪುಣನಲ್ಲ, ಯಾವುದನ್ನೂ ಹಾಳಾಗಲು ಬಿಡದವನು, ಅಷ್ಟೆ. ಒಮ್ಮೆ ಕುದಿಸಿದ ಚಹಾ ಸೊಪ್ಪನ್ನು ಒಣಗಿಸಿ ಇನ್ನೊಮ್ಮೆ ಕುದಿಸುತ್ತಿದ್ದ. ಆಮೇಲೂ ಎಸೆಯದೆ ಗುಲಾಬಿಯ ಬುಡಕ್ಕೆ ಹಾಕುತ್ತಿದ್ದ. ಪಾತ್ರೆ ತೊಳೆದ ನೀರು ಕುಂಬಳದ ಬಳ್ಳಿಗೆ ಹೋಗುತ್ತಿತ್ತು. ಓದಿ ಮುಗಿಸಿದ ಪತ್ರಿಕೆಯನ್ನು ದ್ರಾಕ್ಷಿ ಗೊಂಚಲುಗಳಿಗೆ ಕುಲಾವಿಯಂತೆ ಸುತ್ತಿ ಕಣಜಗಳಿಂದ ಕಾಪಾಡುತ್ತಿದ್ದ.

ಮರುದಿನ ಮಗಳು ಮುನಿಸಾಳನ್ನು ಕೇಳಲು ಗಂಡಿನ ಕಡೆಯವರು ಬರುವವರಿದ್ದರು. ಮುನಿಸಾ ಕೆಲಸ ಮಾಡುವ ಔಷಧಿ ಅಂಗಡಿಯ ಎದುರಿಗೇ ಹುಡುಗನ ಗಡಿಯಾರ ರಿಪೇರಿ ಅಂಗಡಿ. ಅವನ ಹೆಸರೆತ್ತಿದರೆ ಸಾಕು, ಅವಳು ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಉಪ್ಪು ದಂಡವಾದರೂ ಹೊಲ್ಮತ ತುಟಿಪಿಟಕ್ಕೆಂದಿರಲಿಲ್ಲ. ಮಗಳ ಮೇಲೆ ಅವನಿಗೆ ಅಷ್ಟು ಪ್ರೀತಿ.

ನೆಂಟರ ಉಪಚಾರವೆಲ್ಲ ಮನೆಯ ತೋಟದಿಂದಲೇ ಎಂದು ಅವನು ತೀರ್ಮಾನಿಸಿದ್ದ. ಚಪ್ಪರದಲ್ಲಿ ಏಳು ಗೊಂಚಲು ದ್ರಾಕ್ಷಿ, ಮೂಲೆಯಲ್ಲಿ ಎಂಟು ದಾಳಿಂಬೆ, ಗೋಡೆಯ ಪಕ್ಕ ಒಂದೇ ಒಂದು ಕುಂಬಳ. ಆ ಕುಂಬಳವನ್ನು ಇಬ್ಬರು ತಬ್ಬಿ ಎತ್ತಬೇಕಿತ್ತು. ಒಳ್ಳೆಯ ಹಾಸುಬಟ್ಟೆಯೊಂದನ್ನು ಎರವಲು ತರಲು ಹೆಂಡತಿ ಸಾನೊಬರ್ ಮಗಳೊಂದಿಗೆ ಬೆಳಗ್ಗೆಯೇ ತಂಗಿಯ ಮನೆಗೆ ಹೋಗಿದ್ದಳು.

ಆಗ ಬಂದದ್ದು ಆ ಬಟ್ಟಲು. ಎದುರುಮನೆಯ ಅನ್ಬರ್ ಒಪಾ, ಅಂದರೆ ಬೀದಿಗೆಲ್ಲ ಅನ್ಬರಕ್ಕ, ಗೇಟಿನಲ್ಲಿ ನಿಂತಿದ್ದಳು. ಬಟ್ಟಲ ತುಂಬ ಬಿಸಿಬಿಸಿ ಹಬೆಗಡುಬು.

"ಸಾನೊಬರ್ ಇಲ್ವಾ, ಹೊಲ್ಮತ್‌ಜಾನ್? ತಡ ಆಯ್ತು, ಬೇಜಾರು ಮಾಡ್ಕೋಬೇಡ ಅಂತ ಹೇಳಿ ಅವಳಿಗೆ. ನಾ ಬರ್ತೀನಿ, ಮನೇಲಿ ಯಾರೋ ಬಂದಿದಾರೆ."

ತಡ ಯಾಕೆ, ಯಾವುದಕ್ಕೆ ಎಂದು ಕೇಳುವಷ್ಟರಲ್ಲಿ ಅವಳು ಬೀದಿ ದಾಟಿಯಾಗಿತ್ತು. ಹೊಲ್ಮತ ಕಡುಬನ್ನೆಲ್ಲ ತಿಂದ. ಪುಕ್ಕಟೆ ಕಡುಬಿನ ರುಚಿಯೇ ಬೇರೆ. ಬೆರಳು ನೆಕ್ಕಿದ ಮೇಲೆ ಖಾಲಿ ಬಟ್ಟಲು ಅವನನ್ನೇ ನೋಡತೊಡಗಿತು.

ನೀಲಿಯ ಮೇಲೆ ಬಿಳಿ ಹತ್ತಿಕಾಯಿ ಬಿಡಿಸಿದ ಬಟ್ಟಲು ಅದು. ಆ ಬೀದಿಯ ಎಲ್ಲ ಮನೆಗಳಲ್ಲೂ ಅಂಥವೇ. ಯಾವುದು ಯಾರದೆಂದು ಹೆಂಗಸರಿಗೆ ಹೇಗೋ ಗೊತ್ತಾಗುತ್ತಿತ್ತು, ಗಂಡಸರು ಆ ಗೋಜಿಗೆ ಹೋಗುತ್ತಿರಲಿಲ್ಲ. ಆದರೆ ನೆರೆಮನೆಯ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಮಾತ್ರ ಗಂಡಸರಿಗೂ ಗೊತ್ತಿತ್ತು.

ಹೊಲ್ಮತ ಯೋಚಿಸಿ ಒಂದು ಹಿಡಿ ಪುದೀನ ಕಿತ್ತು ಬಟ್ಟಲಿಗೆ ಹಾಕಿದ.

"ಒಪಾ ಮನೇಲಿ ಮೇಕೆ ಸಾಕಿದಾರಾ?" ಎಂಬ ದನಿ ಮೇಲಿನಿಂದ ಬಂತು.

ಪಕ್ಕದ ಮನೆಯ ತುರ್ದಿ ಆಕಾ, ಬೀದಿಗೆಲ್ಲ ಅಣ್ಣ, ಏಣಿಯ ಮೇಲಿದ್ದ. ಸೂರು ರಿಪೇರಿಯ ನೆಪದಲ್ಲಿ ವರ್ಷದ ಹತ್ತು ತಿಂಗಳು ಅವನು ಅಲ್ಲೇ ಇರುತ್ತಿದ್ದ. ಸೂರೇನೂ ಅಷ್ಟು ಸೋರುತ್ತಿರಲಿಲ್ಲ, ಆದರೆ ಅಲ್ಲಿಂದ ನಾಲ್ಕು ಮನೆಯ ಅಂಗಳ ಕಾಣುತ್ತಿತ್ತು.

"ಪುದೀನ ಆರೋಗ್ಯಕ್ಕೆ ಒಳ್ಳೇದು, ಆಕಾ."

"ನಿನ್ನ ಮಗಳ ಮದುವೆಗೆ ಒಳ್ಳೇದಲ್ಲ ಕಣಯ್ಯಾ. ಹೆಣ್ಣು ಕೇಳಕ್ಕೆ ಬರೋರು ಮುಂಚೆ ನೆರೆಹೊರೆಯಲ್ಲಿ ವಿಚಾರಿಸ್ತಾರೋ ಇಲ್ವೋ? ಕಡುಬಿಗೆ ಸೊಪ್ಪು ಕೊಟ್ಟ ಮನೆ ಅಂತ ಒಪಾ ಹೇಳಿಬಿಟ್ರೆ?"

ಮಾತು ನಾಟಿತು. ಹೊಲ್ಮತ ಪುದೀನವನ್ನು ನೀರಿನ ಲೋಟದಲ್ಲಿಟ್ಟು, ಇರುವುದರಲ್ಲಿ ಚಿಕ್ಕ ಗೊಂಚಲೊಂದನ್ನು ಕುಲಾವಿ ಸಮೇತ ಕತ್ತರಿಸಿ ಎದುರುಮನೆಗೆ ಒಯ್ದ.

"ಅಯ್ಯೋ, ಇದ್ಯಾಕೆ ತಂದ್ರಿ?" ಅನ್ಬರ್ ಒಪಾ ನಿಜವಾಗಿಯೂ ಬೆರಗಾದಳು.

"ಬರೀ ಬಟ್ಟಲು ತರಕ್ಕಾಗುತ್ತಾ, ಒಪಾ?"

ಅವಳು ಒಮ್ಮೆ ಬಟ್ಟಲನ್ನೂ ಒಮ್ಮೆ ಅವನ ಮುಖವನ್ನೂ ನೋಡಿ, "ನಿಮ್ಮ ಮನಸ್ಸು ದೊಡ್ಡದು" ಎಂದು ಒಳಗೆ ಹೋದಳು. ಜಗಲಿಯ ಮೇಲೆ ಅಪರಿಚಿತ ಹೆಂಗಸೊಬ್ಬಳು ಚಹಾ ಕುಡಿಯುತ್ತ ಕೂತಿದ್ದಳು. ಒಪಾಳ ನೆಂಟರಿರಬೇಕೆಂದುಕೊಂಡು ಹೊಲ್ಮತ ತಲೆಬಾಗಿ ವಂದಿಸಿ ಬಂದ.

ಒಂದು ಗಂಟೆಯೂ ಕಳೆದಿರಲಿಲ್ಲ. "ಬಟ್ಟಲು ಇಟ್ಟಿದೀನಿ!" ಎಂದು ಗೇಟಿನ ಹೊರಗಿನಿಂದ ಕೂಗು ಕೇಳಿತು. ಹೋಗಿ ನೋಡಿದರೆ ಕಟ್ಟೆಯ ಮೇಲೆ ಅದೇ ಹತ್ತಿಕಾಯಿ ಬಟ್ಟಲು, ಅದರ ತುಂಬ ಅಕ್ರೋಟು.

"ಈ ಒಪಾಗೆ ಇವತ್ತು ಏನಾಗಿದೆ?" ಎಂದು ಹೊಲ್ಮತ ಗೊಣಗಿದ. ಅಕ್ರೋಟನ್ನು ಡಬ್ಬಿಗೆ ಸುರಿದ. ಮತ್ತೆ ಅದೇ ಖಾಲಿ ಬಟ್ಟಲು. ಎರಡು ದಾಳಿಂಬೆ ಇಟ್ಟ, ಬಟ್ಟಲು ಅರ್ಧವೂ ತುಂಬಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ನಾಲ್ಕು ಇಟ್ಟು ಒಯ್ದು ಕೊಟ್ಟ. ಈ ಸಲ ಅನ್ಬರ್ ಒಪಾ ಬಾಯಿ ತೆರೆದವಳು ಹಿಂದೆ ಕೂತಿದ್ದ ಹೆಂಗಸಿನ ಕಡೆ ಒಮ್ಮೆ ನೋಡಿ ಸುಮ್ಮನಾದಳು.

ಮಧ್ಯಾಹ್ನ ಬಟ್ಟಲು ಮತ್ತೆ ಬಂತು. ಈಗ ಹಲ್ವ. ಹೊಲ್ಮತ ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕುಸಿದ.

"ತುರ್ದಿ ಆಕಾ, ಆಕೆ ಹಟ ಹಿಡಿದಿದಾರೆ. ನನ್ನ ತೋಟ ಬೋಳಿಸೋವರೆಗೂ ಬಿಡಲ್ಲ."

ತುರ್ದಿ ಆಕಾ ಎರಡು ಮೆಟ್ಟಿಲು ಇಳಿದು ದನಿ ತಗ್ಗಿಸಿದ. "ಲೋ ಪೆದ್ದ, ಆ ಜಗಲಿ ಮೇಲೆ ಕೂತಿರೋದು ಯಾರು ಗೊತ್ತಾ? ಹುಡುಗನ ಸೋದರತ್ತೆ! ಬೆಳಗ್ಗೆಯಿಂದ ನಿನ್ನ ಮನೆತನ ವಿಚಾರಿಸ್ತಾ ಇದಾರೆ. ಒಪಾ ಪಾಪ ನಿನಗೆ ದಾರಿ ಮಾಡಿ ಕೊಡ್ತಿದಾಳೆ. ಬಟ್ಟಲು ಕಳಿಸ್ತಿರೋದು ಯಾಕೆ? ನಿನ್ನ ಕೈ ಎಷ್ಟು ದೊಡ್ಡದು ಅಂತ ಅವರು ನೋಡ್ಲಿ ಅಂತ!"

ಹೊಲ್ಮತನಿಗೆ ಎಲ್ಲ ಅರ್ಥವಾಯಿತು. ಹೀಗೆ ಎಲ್ಲ ಅರ್ಥವಾದಾಗಲೇ ಮನುಷ್ಯ ಹಾಳಾಗುವುದು.

ಅವನು ಎದ್ದ. ಉಳಿದ ಆರು ಗೊಂಚಲನ್ನೂ ಕತ್ತರಿಸಿದ. ಪ್ರತಿ ಸಲ ಕತ್ತರಿ ಕಚ್ಚಿದಾಗಲೂ ಅವನ ಎದೆಯೊಳಗೆ ಏನೋ ಕತ್ತರಿಸಿದಂತಾಗುತ್ತಿತ್ತು. ಆದರೆ ಕಣ್ಣೆದುರು ಸಾರಿಗೆ ಎರಡು ಸಲ ಉಪ್ಪು ಹಾಕುವ ಮುನಿಸಾ ಇದ್ದಳು. ನಾಲ್ಕು ದಾಳಿಂಬೆ, ದ್ರಾಕ್ಷಿ, ಎಲ್ಲಕ್ಕಿಂತ ಕೆಳಗೆ ಆ ಕುಂಬಳವನ್ನು ಕೈಗಾಡಿಯಲ್ಲಿ ಹೇರಿ, ಮೇಲೆ ಕಿರೀಟದಂತೆ ಬಟ್ಟಲನ್ನಿಟ್ಟ. ತುರ್ದಿ ಆಕಾ ಹಿಂದಿನಿಂದ ತಳ್ಳಿದ. ಗಾಡಿ ಬೀದಿ ದಾಟುವಾಗ ಎರಡು ಮನೆಯ ಬಾಗಿಲು ತೆರೆದುಕೊಂಡವು.

"ಒಪಾ, ನಮ್ಮ ಮನೇಲಿ ಹೀಗೇನೇ!" ಎಂದು ಹೊಲ್ಮತ ಜಗಲಿಗೆ ಕೇಳಿಸುವಂತೆ ಕೂಗಿದ. "ಇರೋದೆಲ್ಲ ನೆರೆಯವರಿಗೆ! ನಾಳೆ ಅನ್ನೋದನ್ನ ನಾವು ಯೋಚಿಸೋದೇ ಇಲ್ಲ!"

ಸೋದರತ್ತೆ ಕತ್ತು ಚಾಚಿ ಕುಂಬಳವನ್ನು ನೋಡಿದಳು. ಆಕೆಯ ಕಣ್ಣು ಅರಳಿತು. ಹೊಲ್ಮತ ಅದನ್ನು ನೋಡಿ ಧನ್ಯನಾಗಿ ಮನೆಗೆ ಬಂದ.

ಸಂಜೆ ಸಾನೊಬರ್ ಮತ್ತು ಮುನಿಸಾ ಹಾಸುಬಟ್ಟೆಯ ಗಂಟಿನೊಂದಿಗೆ ಬಂದರು. ಸಾನೊಬರ್ ಬೋಳು ಚಪ್ಪರ ನೋಡಿದಳು, ದಾಳಿಂಬೆ ಗಿಡ ನೋಡಿದಳು, ಕುಂಬಳದ ಜಾಗ ನೋಡಿದಳು.

"ಏನ್ರೀ, ಕಳ್ಳರು ಬಂದಿದ್ರಾ?"

ಹೊಲ್ಮತ ಬೀಗುತ್ತ ಎಲ್ಲ ಹೇಳಿದ. ಹೇಳಿ ಮುಗಿಯುವ ಹೊತ್ತಿಗೆ ಅನ್ಬರ್ ಒಪಾಳೇ ಬಟ್ಟಲು ಹಿಡಿದು ಬಂದಳು. ಬಟ್ಟಲಲ್ಲಿ ಮಡಿಸಿದ ಕಾಗದದ ಪುಟ್ಟ ಪೊಟ್ಟಣವಿತ್ತು.

"ಸಾನೊಬರ್, ಈ ಬಟ್ಟಲು ನೀನೇ ಇಸ್ಕೊಳಮ್ಮ" ಎಂದಳು ಅವಳು ಏದುಸಿರು ಬಿಡುತ್ತ. "ಇವತ್ತು ಮೂರು ಸಲ ಹಿಂದಿರುಗಿಸಿದೆ. ಮೂರು ಸಲವೂ ನಿನ್ನ ಗಂಡ ತುಂಬಿಸಿ ತಂದು ಕೊಟ್ರು."

ಸಾನೊಬರ್ ಪೊಟ್ಟಣ ತೆಗೆದು ಬಟ್ಟಲನ್ನು ಬೋರಲು ಹಾಕಿದಳು. ಅದರ ತಳದಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆಯಿತ್ತು. ತನ್ನ ಮನೆಯ ಪ್ರತಿ ಬಟ್ಟಲ ತಳದಲ್ಲೂ ಅವಳೇ ಇಟ್ಟ ಗುರುತು ಅದು.

"ಇದು ನಮ್ಮದೇ ಬಟ್ಟಲು ಕಣ್ರೀ! ಹೋದ ವಾರ ನಾನು ಸಾರು ಕಳಿಸಿದ್ದೆ. ಒಪಾ ಕಡುಬು ಹಾಕಿ ಹಿಂದಿರುಗಿಸಿದ್ರು. ಅಲ್ಲಿಗೆ ಲೆಕ್ಕ ಚುಕ್ತಾ. ನಿಮ್ಮನ್ನ ಯಾರು ತುಂಬಿಸಕ್ಕೆ ಹೇಳಿದ್ದು?"

ಹೊಲ್ಮತ ಒಪಾಳ ಕಡೆ ತಿರುಗಿದ. "ಒಪಾ, ನೀವಾದರೂ ಹೇಳಬಾರದಿತ್ತಾ?"

"ಬೀಗರಾಗೋರು ಎದುರಿಗೆ ಕೂತಿರೋವಾಗ ಬೇಡ ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಬಂದ ಬಟ್ಟಲು ಬರಿದಾಗಿ ಕಳಿಸಕ್ಕೆ ನನಗೂ ಆಗಲ್ಲ."

"ಹೋಗ್ಲಿ ಬಿಡಿ" ಎಂದು ಹೊಲ್ಮತ ಸಾವರಿಸಿಕೊಂಡ. "ಕುಂಬಳ ಹೋದ್ರೆ ಹೋಯ್ತು. ಅವರು ನೋಡಿದ್ರಲ್ಲ, ನಮ್ಮ ಧಾರಾಳ?"

ಅನ್ಬರ್ ಒಪಾ ಮುನಿಸಾಳ ಕಡೆ ನೋಡದೆ ಸೆರಗು ತಿರುವಿದಳು.

"ನೋಡಿದ್ರು. ಅದಕ್ಕೇ ನಾಳೆ ಬರಲ್ಲವಂತೆ. 'ನಮ್ಮದು ಒಂದು ಕಡ್ಡಿಪೆಟ್ಟಿಗೇಲಿ ಎರಡು ತಿಂಗಳು ತಳ್ಳೋ ಮನೆ. ಅಂಗಳ ಗುಡಿಸಿ ಹಂಚೋ ಮನೆಯ ಹುಡುಗಿ ಬಂದ್ರೆ, ವರ್ಷದೊಳಗೆ ನಮ್ಮ ಬಾಗಿಲೂ ನೆರೆಮನೆ ಸೇರುತ್ತೆ' ಅಂದ್ರು. ಈ ಬೀದಿಗೇ ದೊಡ್ಡ ಜಿಪುಣ ಅಂದ್ರೆ ಹೊಲ್ಮತ್, ಅಂತ ನಾನು ರೊಟ್ಟಿ ಮುಟ್ಟಿ ಆಣೆ ಮಾಡಿದೆ. ಅವರು ಕುಂಬಳ ತೋರಿಸಿ ನಕ್ಕರು."

"ನನ್ನೂ ಕೇಳಿದ್ರು" ಎಂದ ತುರ್ದಿ ಆಕಾ ಏಣಿಯ ಮೇಲಿನಿಂದ. "ನಾನು ಬಿಡ್ತೀನಾ? ಕೇಳಿದವರಿಗೆ ಪ್ರಾಣ ಬೇಕಾದ್ರೂ ಕೊಡೋ ಮನುಷ್ಯ ಅಂತ ಹೊಗಳಿಬಿಟ್ಟೆ."

ಮುನಿಸಾ ಬಿಚ್ಚಿದ್ದ ಹಾಸುಬಟ್ಟೆಯನ್ನು ಹಳೆಯ ಮಡಿಕೆಯ ಮೇಲೆಯೇ ಮಡಿಸಿ ಒಳಗೆ ಹೋದಳು.

ಏನಾದರೂ ಮಾಡಬೇಕಲ್ಲ ಎಂದು ಹೊಲ್ಮತ ಪೊಟ್ಟಣ ಬಿಚ್ಚಿದ. ಒಳಗೆ ಅವನದೇ ಕುಂಬಳದ ಬೀಜಗಳಿದ್ದವು. ತೊಳೆದು, ಒಲೆಯ ಕಾವಿಗೆ ಒಣಗಿಸಿ, ಜೊಳ್ಳನ್ನೆಲ್ಲ ಆರಿಸಿ ತೆಗೆದ ಬೀಜಗಳು. ಪೊಟ್ಟಣದ ಕಾಗದವೂ ಅವನ ದ್ರಾಕ್ಷಿಯ ಕುಲಾವಿಯೇ, ಅಂಗೈಯಲ್ಲಿ ಉಜ್ಜಿ ಸುಕ್ಕು ತೆಗೆದಿದ್ದರು.

"ಆ ಅತ್ತೆ ಕೊಟ್ಟಿದ್ದು" ಎಂದಳು ಅನ್ಬರ್ ಒಪಾ. "ಬೀಜ ದಂಡ ಮಾಡಬಾರದು, ಬರೋ ವರ್ಷ ಹಾಕ್ಕೊಳ್ಳಲಿ ಅಂತ. ಕಾಗದ ಮಾತ್ರ ವಾಪಸ್ ಕಳಿಸಿ ಅಂದ್ರು."

ಹೊಲ್ಮತನ ಕಣ್ಣು ತುಂಬಿ ಬಂತು. "ಸಾನೊಬರ್, ನೋಡೇ ಇಲ್ಲಿ! ಇಂಥ ಬೀಗರು ಈ ಊರಲ್ಲಿ ಇನ್ನೆಲ್ಲಿ ಸಿಕ್ತಾರೆ?"

"ಅಳೋದು ಬಿಟ್ಟು ಎದ್ದು ಹೋಗಿ, ನಿಜ ಏನು ಅಂತ ಹೇಳಿ ಬನ್ನಿ ಅವರಿಗೆ!"

ಹೊಲ್ಮತ ಚಟ್ಟನೆ ಎದ್ದು ಟೊಪ್ಪಿ ಹಾಕಿಕೊಂಡು ಗೇಟಿನವರೆಗೆ ಹೋದ. ಅಲ್ಲಿ ನಿಂತು ತನ್ನ ಖಾಲಿ ಕೈಗಳನ್ನು ನೋಡಿಕೊಂಡ, ತಿರುಗಿ ಬೋಳು ಚಪ್ಪರವನ್ನು ನೋಡಿದ.

"ಬರಿಗೈಯಲ್ಲಿ ಅವರ ಮನೆಗೆ ಹೇಗೆ ಹೋಗಲಿ?"

"ಸಂತೆಯಿಂದ ಒಂದು ಬುಟ್ಟಿ ಹಣ್ಣು ತಗೊಂಡು ಹೋಗಿ."

"ತಗೊಂಡು ಹೋದ್ರೆ, ನಾನು ಜಿಪುಣ ಅಂತ ಅವರು ನಂಬ್ತಾರೇನೇ?"

ಹೊಲ್ಮತ ಟೊಪ್ಪಿ ತೆಗೆದು ಮತ್ತೆ ಕಟ್ಟೆಯ ಮೇಲೆ ಕೂತ.