ಹಸೆಮಣೆಗೆ ಅಪ್ರದಕ್ಷಿಣೆ ಬಂದವರಿಗೆ

ಎಡನೀರು
ಎಪ್ರಿಲ್ 2014

ಮರದಂಚು ಕೊರೆಯುವ ಯಂತ್ರರಾಜರಾದ ಮಾನ್ಯ ವಿದ್ಯುತ್ ರೌಟರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ನಿವೃತ್ತ ಸಂಸ್ಕೃತ ಅಧ್ಯಾಪಕನೂ ಮರಗೆಲಸದ ಹೊಸ ಹುಚ್ಚು ಹಿಡಿದವನೂ ಆದ ಈಶ್ವರಪ್ರಸಾದನ ಅನಂತ ನಮಸ್ಕಾರಗಳು. ತಾವು ಕುಶಲವೆಂಬುದು ತಮ್ಮ ಕಿರುಚಾಟದಿಂದ ಊರಿಗೆಲ್ಲ ತಿಳಿದಿದೆ. ನಾನೂ ಹತ್ತು ಬೆರಳುಗಳ ಸಮೇತ ಕುಶಲ. ಅದಕ್ಕೆ ತಾವು ಕಾರಣರಲ್ಲವೆಂದು ಬಿನ್ನವಿಸಿಕೊಳ್ಳಲೆಂದೇ ಈ ಬಹಿರಂಗ ಪತ್ರ.

ಮಗಳು ಸೌಮ್ಯಶ್ರೀ ಮದುವೆಯಲ್ಲಿ ಕೂರಬೇಕಾದ ಹಸೆಮಣೆಯನ್ನು ನನ್ನ ಕೈಯಾರೆ ಮಾಡುತ್ತೇನೆಂದು ನೆಂಟರಿಷ್ಟರೆದುರು ಜಂಬ ಕೊಚ್ಚಿದ್ದು ಹೌದು. ಹಲಸಿನ ಹಲಗೆ ಮೂರು ತರಿಸಿಟ್ಟೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಮೇಲಂಚನ್ನು ಚಂದಕ್ಕೆ ದುಂಡಗೆ ಕೊರೆಯುವುದೊಂದು ಬಾಕಿಯಿದ್ದಾಗ ನೆರೆಮನೆಯ ಬ್ಯಾಂಕ್ ಮ್ಯಾನೇಜರ್ ಕ್ಲಿಫರ್ಡ್ ಪೊರ್ಬುಗಳು ತಮ್ಮನ್ನು ಎತ್ತಿ ತಂದುಕೊಟ್ಟರು. ಎರಡು ಹಿಡಿ, ಕೆಳಗೆ ಗಿರ್ರೆಂದು ತಿರುಗುವ ಒಂದು ಪುಟ್ಟ ಅಲಗು. ಇಷ್ಟು ಚಿಕ್ಕ ದೇಹದಲ್ಲಿ ಇಷ್ಟು ದೊಡ್ಡ ಅಹಂಕಾರ ಇರುತ್ತದೆಂದು ಯಾರು ಬಲ್ಲರು?

ಶುಭಕಾರ್ಯದ ಮಣೆಯಾದ್ದರಿಂದ ಸುತ್ತುವುದು ಪ್ರದಕ್ಷಿಣೆಯಾಗಿಯೇ ಎಂದು ನಾನು ಅದರ ಅಂಚಿಗೆ ಬಲಸುತ್ತು ಹೊರಟೆ. ತಾವು ನನ್ನ ಕೈಯಿಂದ ಕೊಸರಿಕೊಂಡು, ಅಂಚಿನುದ್ದಕ್ಕೂ ಓಡಿ, ಮೂಲೆಯನ್ನು ಕಚ್ಚಿ ಕಿತ್ತು, ಹಿಂದಿರುಗಿ ನಾನುಟ್ಟ ಮುಂಡುಪಂಚೆಯ ಚುಂಗನ್ನು ನುಂಗಿ ನಿಂತಿರಿ. ಅಂಗಳದಲ್ಲಿ ನನ್ನ ಮಾನ ಉಳಿದದ್ದು ಒಳಗಿನ ಚಡ್ಡಿಯಿಂದ. ಸದ್ದು ಕೇಳಿ ಓಡಿ ಬಂದ ಪೊರ್ಬುಗಳು, "ಇದೆಂತ ದೇವಸ್ಥಾನವಾ ಮಾರಾಯ್ರೆ? ಅಲಗು ಬಲಕ್ಕೆ ತಿರುಗುವುದು. ಅದಕ್ಕೆ ಎದುರಾಗಿ ಹೋಗಬೇಕು. ಹಲಗೆಯ ಹೊರಗಿನ ಅಂಚಿಗೆ ಅಪ್ರದಕ್ಷಿಣೆಯೇ. ಅದರೊಟ್ಟಿಗೆ ಹೋದರೆ ಅದು ನಿಮ್ಮನ್ನೇ ಎಳಕೊಂಡು ಓಡ್ತದೆ" ಎಂದರು. ಮೂವತ್ತು ವರ್ಷ ಸಂಸ್ಕೃತ ಕಲಿಸಿದವನಿಗೆ ಬ್ಯಾಂಕಿನವರಿಂದ ಅಪ್ರದಕ್ಷಿಣೆಯ ಪಾಠ!

ಮಗಳ ಮಣೆಗೆ ಅಪ್ರದಕ್ಷಿಣೆಯೇ? ಛೇ! ರಾತ್ರಿಯೆಲ್ಲ ಯೋಚಿಸಿ ಉಪಾಯ ಹುಡುಕಿದೆ. ಎರಡನೆಯ ಹಲಗೆಯನ್ನು ಬೋರಲು ಹಾಕಿ ಅಡಿಭಾಗದಿಂದ ಅಪ್ರದಕ್ಷಿಣೆ ಬಂದರೆ, ಮುಖಭಾಗದಿಂದ ನೋಡುವವರಿಗೆ ಅದು ಪ್ರದಕ್ಷಿಣೆಯೇ ತಾನೆ? ತಾವು ತುಟಿಪಿಟಕ್ಕೆನ್ನದೆ ಸಹಕರಿಸಿದಿರಿ. ಕೊರೆದು ಮುಗಿಸಿ ಹಲಗೆಯನ್ನು ಮೇಲ್ಮುಖ ಮಾಡಿದಾಗ ಚಂದದ ಅಂಚೆಲ್ಲ ನೆಲದ ಕಡೆಗೆ, ಇರುವೆಗಳಿಗೆ ಮಾತ್ರ ಕಾಣುವಂತೆ ಇತ್ತು. ನನ್ನಾಕೆ ಪರಮೇಶ್ವರಿ, "ಮಗುಚಿ ಹಾಕಿದರೆ ಆಯಿತಲ್ಲ, ಅದಕ್ಕೆ ಇಷ್ಟು ಮಂಡೆಬಿಸಿ ಎಂತಕ್ಕೆ?" ಎಂದಳು. ಮಗುಚಿದರೆ ಪ್ರದಕ್ಷಿಣೆಯೂ ಮಗುಚುತ್ತದೆಂದು ನಾನು ಸವಿವರವಾಗಿ ವಿವರಿಸಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ಉಳಿದದ್ದು ಒಂದೇ ಹಲಗೆ. ಹಟ ಬಿಡದೆ, ಗಟ್ಟಿಯಾಗಿ ಹಿಡಿದರೆ ಏನೂ ಆಗದೆಂದು ಮತ್ತೆ ಪ್ರದಕ್ಷಿಣೆಗೆ ಅಣಿಯಾಗಿ ಸ್ವಿಚ್ ಹಾಕಿದೆ. ಅಲಗು ಮರಕ್ಕೆ ತಾಗುವ ಮೊದಲೇ ಕರೆಂಟು ಹೋಯಿತು. ಸ್ವಿಚ್ ಆರಿಸಬೇಕೆಂಬ ಬುದ್ಧಿ ಬರಲಿಲ್ಲ. ತಮ್ಮನ್ನು ಮಲಗಿಸಿ, ಅಲಗಿಗೆ ಅಂಟಿದ ಹಳೆಯ ಹೊಟ್ಟನ್ನು ಪೆನ್ಸಿಲಿನಿಂದ ಕೆದಕತೊಡಗಿದೆ. ಕರೆಂಟು ಬಂತು. ಅರ್ಧ ಪೆನ್ಸಿಲು ನನ್ನ ಕೈಯಲ್ಲಿತ್ತು, ಇನ್ನರ್ಧ ಎಲ್ಲಿ ಹೋಯಿತೆಂಬುದು ತಮಗೇ ಗೊತ್ತು. ಸೌಮ್ಯಶ್ರೀ ಓಡಿ ಬಂದು ಪ್ಲಗ್ ಕಿತ್ತಳು. "ಅಪ್ಪಾ, ಮಣೆ ಇಲ್ಲದಿದ್ದರೆ ನಾನು ಚಾಪೆಯಲ್ಲಿ ಕೂರ್ತೇನೆ. ಧಾರೆ ಎರೆಯಲಿಕ್ಕೆ ನಿಮ್ಮ ಕೈ ಬೇಕಲ್ಲ?" ಎಂದಳು. ನಾನು ಹೆದರಿದ್ದೆ, ಮಾನ್ಯರೇ, ಬಹಳ ಹೆದರಿದ್ದೆ.

ಮರುದಿನ ಮುಂಡು ಬಿಟ್ಟು ಪ್ಯಾಂಟು ತೊಟ್ಟೆ. ಜನಿವಾರವನ್ನು ಅಂಗಿಯೊಳಗೆ ಸೇರಿಸಿದೆ. ಕಣ್ಣು, ಕಿವಿ, ಮೂಗು ಎಲ್ಲಕ್ಕೂ ಮರೆ ಕಟ್ಟಿ, ಹಲಗೆಯನ್ನು ಮೇಜಿಗೆ ಬಿಗಿದು, ತಮ್ಮ ಎರಡೂ ಹಿಡಿಗಳನ್ನು ಭಯಭಕ್ತಿಯಿಂದ ಹಿಡಿದು, ಒಂದೇ ಸಲಕ್ಕೆ ಆಳಕ್ಕಿಳಿಯದೆ, ಅಪ್ರದಕ್ಷಿಣೆ ಬಂದೆ. ಮಗಳು ಪ್ಲಗ್ಗಿನ ಬಳಿ ಕಾವಲು ಕೂತಿದ್ದಳು. ಅಂಚು ಬೆಣ್ಣೆಯ ಹಾಗೆ ಬಂತು. ತಾವು ಮೊದಲಿನಿಂದಲೂ ಸರಿಯಾಗಿಯೇ ಇದ್ದಿರಿ ಎಂಬುದು ತಮ್ಮ ಮೇಲಿನ ನನ್ನ ಅತಿ ದೊಡ್ಡ ದೂರು.

ಆದ್ದರಿಂದ ತಮ್ಮ ವಂಶದಲ್ಲಿ ಶುಭಕಾರ್ಯಕ್ಕೆಂದು ಎಡಕ್ಕೆ ತಿರುಗುವ ಒಬ್ಬ ಸುಪುತ್ರನಾದರೂ ಹುಟ್ಟಬೇಕೆಂದೂ, ಕರೆಂಟು ಬಂದಾಗ ತಾವು ಏಳುವ ಮೊದಲು ಒಮ್ಮೆ ಕೆಮ್ಮಬೇಕೆಂದೂ, ನುಂಗಿದ ಚುಂಗನ್ನು ಒಗೆದು, ಇಸ್ತ್ರಿ ಹಾಕಿ ಮರಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಪ್ಲಗ್ ಕಿತ್ತ ಮೇಲಷ್ಟೇ ಹತ್ತಿರ ಬರುವ,
ತಮ್ಮ ವಿಶ್ವಾಸಿ
ಈಶ್ವರಪ್ರಸಾದ

ಮರೆತ ಮಾತು: ಮದುವೆಯ ದಿನ ಮಗಳು, ಅಳಿಯ ಅಗ್ನಿಗೆ ಪ್ರದಕ್ಷಿಣೆಯನ್ನೇ ಬರುತ್ತಾರೆ. ಆ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಧಾರೆ ಎರೆಯುವಾಗ ಮಾತ್ರ ನನ್ನ ಕೈ ನಡುಗೀತು. ಅದಕ್ಕೂ ತಾವು ಕಾರಣರಲ್ಲ.